ಹಟ್ಟಿ, ಬೂದಿ, ಬಯಲು: ದಖ್ಖನ್ನಿನ ನವಶಿಲಾಯುಗದ ಪಶುಪಾಲಕರು ಮತ್ತು ದ್ರಾವಿಡ ಪದಸಾಕ್ಷ್ಯ

1. ಪ್ರಶ್ನೆಯ ಸ್ವರೂಪ

ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳ ಬಯಲಿನಲ್ಲಿಯೂ ಅವುಗಳ ಗಡಿಗೆ ತಾಗಿದ ಆಂಧ್ರ, ತೆಲಂಗಾಣ ಸೀಮೆಗಳಲ್ಲಿಯೂ ನೂರಕ್ಕೂ ಮಿಕ್ಕಿ ಬೂದಿದಿಬ್ಬಗಳನ್ನು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಇವು ದನದ ಸಗಣಿ ಒಂದೆಡೆ ಶೇಖರವಾಗಿ, ಮತ್ತೆ ಮತ್ತೆ ಬೆಂಕಿಗೆ ಸಿಕ್ಕಿ, ಕೆಲವೆಡೆ ಕಿಟ್ಟಗಟ್ಟಿ ಉಳಿದ ರಾಶಿಗಳು. ಕಾಲ ಸುಮಾರು ಕ್ರಿ.ಪೂ. 3000ದಿಂದ ಮೊದಲ್ಗೊಂಡು ಕ್ರಿ.ಪೂ. 2ನೆಯ ಸಹಸ್ರಮಾನದವರೆಗೆ. ಕನ್ನಡದ ಮೊದಲ ಉಪಲಬ್ಧ ಗದ್ಯಶಾಸನವೆಂದು ಪರಿಗಣಿತವಾದ ಹಲ್ಮಿಡಿ ಶಾಸನಕ್ಕೂ ಈ ದಿಬ್ಬಗಳಿಗೂ ನಡುವೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಮೌನವಿದೆ. ಆ ಮೌನವನ್ನು ಭಾಷಾವಿಜ್ಞಾನವು ಎಷ್ಟರಮಟ್ಟಿಗೆ ತುಂಬಬಲ್ಲುದು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. ದಕ್ಷಿಣ ಭಾರತದ ನವಶಿಲಾಯುಗದ ಜನರು ದ್ರಾವಿಡ ಭಾಷಿಕರಾಗಿದ್ದರೆಂಬ ಮಾತು ಪುರಾತತ್ತ್ವದ ಗ್ರಂಥಗಳಲ್ಲಿಯೂ ಭಾಷಾವಿಜ್ಞಾನದ ಗ್ರಂಥಗಳಲ್ಲಿಯೂ ಬರುತ್ತಲೇ ಇದೆ. ಆದರೆ ಅನೇಕ ಸಲ ಪುರಾತತ್ತ್ವಜ್ಞರು ಈ ಮಾತಿಗೆ ಆಧಾರವಾಗಿ ಭಾಷಾವಿಜ್ಞಾನಿಗಳ ತೀರ್ಮಾನವನ್ನು ತೋರಿಸುತ್ತಾರೆ. ಭಾಷಾವಿಜ್ಞಾನಿಗಳು ಪುರಾತತ್ತ್ವಜ್ಞರ ತೀರ್ಮಾನವನ್ನು ತೋರಿಸುತ್ತಾರೆ. ಒಬ್ಬರ ಊಹೆ ಇನ್ನೊಬ್ಬರ ಪ್ರಮಾಣವಾಗುವ ಈ ಚಕ್ರದೋಷದಿಂದ ಎರಡು ಶಾಸ್ತ್ರಗಳಿಗೂ ನಷ್ಟವಾಗಿದೆ. ಆದ್ದರಿಂದ ನಾವು ಇಲ್ಲಿ ಮೊದಲು ಮಣ್ಣಿನ ಸಾಕ್ಷ್ಯವನ್ನು ಅದರ ಪಾಡಿಗೆ ನೋಡುತ್ತೇವೆ. ಬಳಿಕ ಪದಗಳ ಸಾಕ್ಷ್ಯವನ್ನು ಅದರ ಪಾಡಿಗೆ ಪರೀಕ್ಷಿಸುತ್ತೇವೆ. ಕೊನೆಯಲ್ಲಿ ಇವೆರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂಬುದನ್ನು ಹೇಳುತ್ತೇವೆ. ಕೂಡದ ಎಡೆಗಳು ಕೂಡುವ ಎಡೆಗಳಷ್ಟೇ ಬೋಧಪ್ರದವೆಂಬುದು ನಮ್ಮ ನಿಲುವು.

2. ಬೂದಿದಿಬ್ಬಗಳ ವ್ಯಾಖ್ಯಾನ: ಒಂದೂವರೆ ಶತಮಾನದ ಚರ್ಚೆ

ಬಳ್ಳಾರಿ ಸೀಮೆಯ ದಿಬ್ಬಗಳನ್ನು ಕುರಿತು ಟಿ. ಜೆ. ನ್ಯೂಬೋಲ್ಡ್ 1836ರಲ್ಲಿಯೇ ಬರೆದರು. ಆಗಿನ ಪ್ರಶ್ನೆ ಇದು ಜ್ವಾಲಾಮುಖಿಯ ಕಿಟ್ಟವೇ ಎಂಬುದಾಗಿತ್ತು. ಸ್ಥಳೀಯರ ಬಳಿ ಬೇರೆ ಉತ್ತರಗಳಿದ್ದವು. ಹಂಪಿಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯ ದಹನವಾದ ಸ್ಥಳವೆಂದು ಜನ ಇಂದಿಗೂ ತೋರಿಸುತ್ತಾರೆ. ರಾಬರ್ಟ್ ಸೀವೆಲ್ ಅವರು ಕುಡತಿನಿಯ ದಿಬ್ಬವನ್ನು ವಿಜಯನಗರ ಕಾಲದ ಸಾಮೂಹಿಕ ಸಹಗಮನದ ಕುರುಹೆಂದು ಊಹಿಸಿದರು. ಇವು ಸಗಣಿಯ ಬೂದಿಯೆಂದೂ ಶಿಲಾಯುಗದ ದನಗಾಹಿಗಳಿಗೆ ಸೇರಿದವೆಂದೂ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿಯೇ ವಾದಿಸಿದ್ದರು. ಅವರ ವಾದವನ್ನು 1960ರಲ್ಲಿ ಎಫ್. ಇ. ಝಾಯ್ನರ್ ಪ್ರಯೋಗಾಲಯದ ವಿಶ್ಲೇಷಣೆಯಿಂದ ದೃಢಪಡಿಸಿದರು.

ಎಫ್. ಆರ್. ಆಲ್ಚಿನ್ ಅವರು 1957ರಲ್ಲಿ ಉಟ್ನೂರಿನಲ್ಲಿ ನಡೆಸಿದ ಉತ್ಖನನವು ಈ ಚರ್ಚೆಗೆ ಗಟ್ಟಿ ನೆಲೆಯನ್ನು ಒದಗಿಸಿತು. ಅಲ್ಲಿ ಸಾಲಾಗಿ ನೆಟ್ಟ ಕಂಬಗಳ ಗುಳಿಗಳು ದೊರೆತವು. ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಕಾಣಿಸಿಕೊಂಡವು. ಮರದ ಬೇಲಿಯಿಂದ ಸುತ್ತುವರಿದ ದನದ ದೊಡ್ಡಿಯೊಂದು ಹಲವು ಬಾರಿ ಸುಟ್ಟು ಹಲವು ಬಾರಿ ಕಟ್ಟಲ್ಪಟ್ಟಿತ್ತೆಂಬುದು ಅವರ ನಿರ್ಣಯ. 1963ರಲ್ಲಿ ಪ್ರಕಟವಾದ ಅವರ ಗ್ರಂಥವು ಈ ಬೆಂಕಿಯನ್ನು ದನಗಳನ್ನು ಕಿಚ್ಚು ಹಾಯಿಸುವ ಋತುಹಬ್ಬಗಳೊಡನೆ ಹೋಲಿಸಿತು. ಮೈಸೂರು ಸೀಮೆಯ ಸಂಕ್ರಾಂತಿಯನ್ನು ಬಲ್ಲವರಿಗೆ ಈ ಹೋಲಿಕೆ ಸಹಜವಾಗಿಯೇ ಹಿಡಿಸುತ್ತದೆ. ಆದರೆ ಮೂರೂವರೆ ಸಾವಿರ ವರ್ಷಗಳ ಅಂತರವನ್ನು ದಾಟಿ ಒಂದು ಆಚರಣೆಯನ್ನು ಇನ್ನೊಂದರ ಮುಂದುವರಿಕೆಯೆನ್ನಲು ಹೋಲಿಕೆ ಮಾತ್ರ ಸಾಲದು.

ಕೆ. ಪದ್ದಯ್ಯ ಅವರು 1989ರಿಂದ ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನವು ಚಿತ್ರವನ್ನು ಬದಲಿಸಿತು. ಆಲ್ಚಿನ್ ಅವರ ವ್ಯಾಖ್ಯಾನದಲ್ಲಿ ದಿಬ್ಬವೆಂದರೆ ಮುಖ್ಯವಾಗಿ ದೊಡ್ಡಿ, ಊರು ಬೇರೆಡೆಯದು. ಬೂದಿಹಾಳದಲ್ಲಾದರೋ ಬೂದಿಯ ರಾಶಿ, ದನ ಕಟ್ಟುವ ಅಂಗಳ, ವಾಸದ ನೆಲೆ, ಕಲ್ಲಿನ ಆಯುಧಗಳನ್ನು ಮಾಡುವ ತಾಣ, ದನಗಳನ್ನು ಕೊಯ್ದು ಪಾಲು ಮಾಡಿದ ನೆಲಗಟ್ಟು ಇವೆಲ್ಲ ಒಂದೇ ನೆಲೆಯಲ್ಲಿ ದೊರೆತವು. ದೊಡ್ಡಿಯೂ ಊರೂ ಬೇರೆಬೇರೆಯಲ್ಲ, ಎರಡೂ ಸೇರಿ ಒಂದು ಘಟಕವೆಂಬುದು ಈ ಶೋಧದ ಸಾರ. ಇತ್ತೀಚಿನ ವಿದ್ವಾಂಸರಲ್ಲಿ ಪೀಟರ್ ಜೋಹಾನ್ಸನ್ ಮೊದಲಾದವರು ದಿಬ್ಬಗಳನ್ನು ಕಸದ ರಾಶಿಯೆಂದಷ್ಟೇ ನೋಡದೆ, ಸಮುದಾಯವು ಉದ್ದೇಶಪೂರ್ವಕವಾಗಿ ಬೆಳೆಸಿದ ಸ್ಮಾರಕಗಳೆಂದೂ ವಿವೇಚಿಸಿದ್ದಾರೆ.

3. ನೆಲದ ಮೇಲಿನ ಪರಿಣಾಮ

ಬೂದಿದಿಬ್ಬದಲ್ಲಿ ಪರಿಸರದ ದೃಷ್ಟಿಯಿಂದ ಎದ್ದು ಕಾಣುವ ಸಂಗತಿಯೊಂದಿದೆ. ಇಂದಿನ ರೈತನಿಗೆ ಸಗಣಿಯೆಂದರೆ ಗೊಬ್ಬರ. ತಿಪ್ಪೆಯಿಂದ ಹೊಲಕ್ಕೆ ಹೋಗಬೇಕಾದ ವಸ್ತು. ಇಲ್ಲವೇ ಕುಳ್ಳು ತಟ್ಟಿ ಒಲೆಗೆ ಹಾಕಬೇಕಾದದ್ದು. ಬೂದಿದಿಬ್ಬದ ಜನರಾದರೋ ಸಗಣಿಯ ದೊಡ್ಡ ಭಾಗವನ್ನು ಒಂದೇ ಎಡೆಯಲ್ಲಿ ಕೂಡಿಹಾಕಿ ಸುಟ್ಟರು. ಹಗಲೆಲ್ಲ ಸುತ್ತಲಿನ ಬಯಲಿನಲ್ಲಿ ಮೇದ ಹುಲ್ಲಿನ ಸಾರ ಸಂಜೆ ದೊಡ್ಡಿಗೆ ಬರುತ್ತಿತ್ತು. ಅದು ಮರಳಿ ಬಯಲಿಗೆ ಹೋಗುತ್ತಿರಲಿಲ್ಲ. ತಲೆಮಾರುಗಳ ಕಾಲ ನಡೆದ ಈ ಏಕಮುಖ ಸಾಗಣೆಯಿಂದ ವಿಸ್ತಾರವಾದ ನೆಲದ ಪೋಷಕಾಂಶ ಕೆಲವೇ ಬಿಂದುಗಳಲ್ಲಿ ಶೇಖರವಾಯಿತು.

ಇಂಥ ಶೇಖರಣೆ ನೆಲದ ಮೇಲೆ ಎಷ್ಟು ದೀರ್ಘಕಾಲದ ಗುರುತನ್ನು ಬಿಡಬಲ್ಲುದೆಂಬುದಕ್ಕೆ ಪೂರ್ವ ಆಫ್ರಿಕಾದಲ್ಲಿ ಒಂದು ನಿದರ್ಶನ ದೊರೆತಿದೆ. ಕೀನ್ಯಾದ ನಾರೋಕ್ ಪ್ರದೇಶದ ನವಶಿಲಾಯುಗದ ದನದ ದೊಡ್ಡಿಗಳನ್ನು ಪರೀಕ್ಷಿಸಿದ ಫಿಯೋನಾ ಮಾರ್ಷಲ್ ಮತ್ತು ಸಂಗಡಿಗರು 2018ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಒಂದೂವರೆ ಸಾವಿರದಿಂದ ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ದೊಡ್ಡಿಗಳ ಮಣ್ಣು ಇಂದಿಗೂ ಸುತ್ತಲಿನ ಮಣ್ಣಿಗಿಂತ ಸಾರವತ್ತಾಗಿದೆ. ಅಲ್ಲಿ ಬೆಳೆಯುವ ಹುಲ್ಲು ಬೇರೆ. ಅದನ್ನರಸಿ ಬರುವ ಕಾಡುಪ್ರಾಣಿಗಳ ಸಂಚಾರವೂ ಬೇರೆ. ಪಶುಪಾಲಕನು ನೆಲವನ್ನು ಕೇವಲ ಸವೆಸುತ್ತಾನೆಂಬ ಸರಳ ತೀರ್ಮಾನವನ್ನು ಇದು ತಿದ್ದುತ್ತದೆ. ಒಂದು ಕಡೆ ತೆಗೆದುಕೊಂಡದ್ದನ್ನು ಆತ ಇನ್ನೊಂದು ಕಡೆ ಇಡುತ್ತಾನೆ. ದಖ್ಖನ್ನಿನ ವೈಶಿಷ್ಟ್ಯವೆಂದರೆ, ಇಟ್ಟದ್ದನ್ನು ಇಲ್ಲಿಯ ಜನ ಸುಟ್ಟರು.

ಇದೇ ಕಾಲದಲ್ಲಿ ಬೇಸಾಯವೂ ಬೆಳೆಯಿತು. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಸಂಗನಕಲ್ಲು, ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ತೊಳೆದು, ಕರಕಾದ ಕಾಳುಗಳನ್ನು ಗುರುತಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು ದಕ್ಷಿಣದ ನವಶಿಲಾಯುಗದ ಮೂಲ ಬೆಳೆಗಳನ್ನು ಮುಂದಿಟ್ಟಿತು: ಹೆಸರು ಮತ್ತು ಹುರುಳಿ ಎಂಬ ಎರಡು ಕಾಳುಗಳು, ಕೊರಲೆ ಮತ್ತು ನವಣೆಯ ಜಾತಿಗೆ ಸೇರಿದ ಒಂದು ಕಾಡುಹುಲ್ಲು ಎಂಬ ಎರಡು ಕಿರುಧಾನ್ಯಗಳು. ಇವು ಮುಂಗಾರು ಮಳೆಯನ್ನು ನಂಬಿದ, ಈ ನಾಡಿನ ಒಣ ಕಾಡಿನ ಅಂಚಿನಲ್ಲಿ ಬೆಳೆಯಬಲ್ಲ ಬೆಳೆಗಳು. ಗೋಧಿ ಮತ್ತು ಜವೆಗೋಧಿ ಕ್ರಿ.ಪೂ. 2000ದ ಆಸುಪಾಸಿನಿಂದ ವಾಯವ್ಯದ ಕಡೆಯಿಂದ ಬಂದು ಸೇರಿದವು. ಆಫ್ರಿಕಾ ಮೂಲದ ಅವರೆ, ಸಜ್ಜೆಗಳು ಕೂಡ ನಂತರದವು. ಅದೇ ಖಂಡದಿಂದ ಬಂದ ರಾಗಿಯನ್ನು ಹಳ್ಳೂರಿನಲ್ಲಿ ಗುರುತಿಸಿದ ಹಳೆಯ ವರದಿಗಳು ಮುಂದೆ ಸಂಶಯಕ್ಕೆ ಗುರಿಯಾದವು.

ಕಾಡಿನ ಮೇಲೆ ಬಿದ್ದ ಒತ್ತಡಕ್ಕೆ ಕಲ್ಲಿನ ಕೊಡಲಿಯೇ ಸಾಕ್ಷಿ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಎಂಬ ಕರಿಕಲ್ಲಿನ ಸೆರೆಯಿಂದ ಬಂಡೆ ಒಡೆದು, ಚಕ್ಕೆ ಎಬ್ಬಿಸಿ, ಉಜ್ಜಿ ನಯಗೊಳಿಸಿ ಕೊಡಲಿಗಳನ್ನು ಮಾಡುವ ತಾಣವಿತ್ತು. ಒಂದು ಊರಿನ ಅಗತ್ಯವನ್ನು ಮೀರಿದ ಪ್ರಮಾಣದಲ್ಲಿ ಅಲ್ಲಿ ಕೆಲಸ ನಡೆದಿದೆ. ಅದರ ಮಗ್ಗುಲಿನ ಕಪ್ಪಗಲ್ಲಿನ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ, ಇಣಿಯುಳ್ಳ ಎತ್ತುಗಳ ಚಿತ್ರಗಳಿವೆ. ಬಡಿದರೆ ಗಂಟೆಯಂತೆ ದನಿಗೊಡುವ ಬಂಡೆಗಳೂ ಇವೆ. ಮರ ಕಡಿಯುವ ಉಪಕರಣವೂ ದನವನ್ನು ಕೊಂಡಾಡುವ ಚಿತ್ರವೂ ಒಂದೇ ಕಲ್ಲಿನ ಸೆರೆಯಿಂದ ಮೂಡಿದವೆಂಬುದು ಆ ಸಮಾಜದ ಸ್ವರೂಪವನ್ನು ಸೂಚಿಸುತ್ತದೆ.

ಹಾಗೆಂದು ಬಯಲಾದ ನೆಲವೆಲ್ಲ ಮನುಷ್ಯಕೃತವೆನ್ನುವಂತಿಲ್ಲ. ಗೋದಾವರಿಯ ಮುಖದ ಬಳಿ ಕಡಲತಳದಿಂದ ತೆಗೆದ ಕೆಸರಿನ ಪದರಗಳ ಆಧಾರದಿಂದ ಕ್ಯಾಮಿಲೋ ಪೊಂಟನ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದಂತೆ, ಸುಮಾರು 4000 ವರ್ಷಗಳ ಹಿಂದೆ ಮಧ್ಯಭಾರತದ ಮಳೆ ತಗ್ಗಿ, ಬರವನ್ನು ತಾಳಬಲ್ಲ ಹುಲ್ಲುಸಸ್ಯಗಳ ಪ್ರಮಾಣ ಹೆಚ್ಚಿತು. ಅದೇ ಕೆಸರಿನ ಮುಂದಿನ ಅಧ್ಯಯನವನ್ನು ಲಿವಿಯು ಜೊಸಾನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿ, ಅಲ್ಲಿಂದೀಚೆಗೆ ಮಣ್ಣಿನ ಕೊಚ್ಚಣೆ ಏರಿದುದನ್ನೂ ಅದರಲ್ಲಿ ಒಣಹವೆಯೊಡನೆ ದಖ್ಖನ್ನಿನ ಬೇಸಾಯದ ಪಾಲೂ ಇದ್ದುದನ್ನೂ ವಾದಿಸಿದರು. ಆದುದರಿಂದ ಹವೆ ಅಥವಾ ಮನುಷ್ಯ ಎಂಬ ಆಯ್ಕೆಯೇ ಸರಿಯಲ್ಲ. ಒಣಗುತ್ತಿದ್ದ ನಾಡಿನಲ್ಲಿ ಹುಲ್ಲುಗಾವಲು ಹಿಗ್ಗಿತು. ಹಿಗ್ಗಿದ ಹುಲ್ಲುಗಾವಲು ದನಗಾಹಿಗಳಿಗೆ ಅನುಕೂಲವಾಯಿತು. ದನ, ಬೆಂಕಿ, ಕೊಡಲಿಗಳು ಸೇರಿ ಆ ಬಯಲನ್ನು ಬಯಲಾಗಿಯೇ ಉಳಿಸಿದವು.

4. ಪದಗಳ ಸಾಕ್ಷ್ಯ

ಈಗ ಪದಗಳ ಕಡೆಗೆ ತಿರುಗೋಣ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು (1961, ಪರಿಷ್ಕೃತ ಆವೃತ್ತಿ 1984) ಇಂಥ ಶೋಧಕ್ಕೆ ಮೂಲ ಆಕರ. ಭದ್ರಿರಾಜು ಕೃಷ್ಣಮೂರ್ತಿ ಅವರ 2003ರ ಗ್ರಂಥವೂ ಫ್ರಾಂಕ್ಲಿನ್ ಸೌತ್‌ವರ್ತ್ ಅವರ 2005ರ ಗ್ರಂಥವೂ ಆ ಸಾಮಗ್ರಿಯಿಂದ ಮೂಲ ದ್ರಾವಿಡ ಸಮಾಜದ ಚಿತ್ರಣವನ್ನು ಕಟ್ಟಲು ಯತ್ನಿಸಿವೆ. ಒಂದು ಪದವನ್ನು ಮೂಲ ದ್ರಾವಿಡಕ್ಕೆ ಒಯ್ಯಬೇಕಾದರೆ ಅದರ ಜ್ಞಾತಿಪದಗಳು ದಕ್ಷಿಣದ ಭಾಷೆಗಳಲ್ಲಿ ಮಾತ್ರವಲ್ಲದೆ ಕುಡುಖ್, ಮಾಲ್ತೋ, ಬ್ರಾಹೂಯಿ ಎಂಬ ಉತ್ತರದ ಭಾಷೆಗಳಲ್ಲಿಯೂ ದೊರೆಯಬೇಕೆಂಬುದು ರೂಢಿಯ ನಿಯಮ. ಕೇವಲ ದಕ್ಷಿಣದಲ್ಲಿ ದೊರೆತರೆ ಅದು ನಂತರದ ಹಂತದ ಸಾಕ್ಷ್ಯವಾಗುತ್ತದೆ.

ಈ ನಿಯಮದ ಒರೆಗಲ್ಲಿಗೆ ಪಶುಪಾಲನೆಯ ಪದಗಳು ಚೆನ್ನಾಗಿ ನಿಲ್ಲುತ್ತವೆ. ಕನ್ನಡದ ಆ, ಆವು, ತಮಿಳಿನ ಆ, ತೆಲುಗಿನ ಆವು ಎಂಬವುಗಳೊಡನೆ ಕುಡುಖ್‌ನ ಓಯ್ ಸೇರುತ್ತದೆ. ಕನ್ನಡದ ಆಡು, ತೆಲುಗಿನ ಏಟ, ಕುಡುಖ್‌ನ ಏಡಾ, ಬ್ರಾಹೂಯಿಯ ಹೇಟ್ ಒಂದೇ ಮೂಲದವು. ಕನ್ನಡದ ಪಾಲ್, ಹಾಲು ಎಂಬುದಕ್ಕೆ ಬ್ರಾಹೂಯಿಯ ಪಾಲ್ಹ್ ಜೊತೆಗೂಡುತ್ತದೆ. ದನ, ಆಡು, ಹಾಲು ಈ ಮೂರೂ ಉತ್ತರದ ಭಾಷೆಗಳಿಂದ ತಮಿಳಿನವರೆಗೆ ಒಂದೇ ಪದಸಂಪತ್ತಿಗೆ ಸೇರಿವೆಯೆಂದರೆ, ಆ ಸಂಪತ್ತು ಶಾಖೆಗಳು ಬೇರ್ಪಡುವುದಕ್ಕೆ ಮುಂಚಿನದು.

ಬೇಸಾಯದ ಪದಗಳಲ್ಲಿ ಎಚ್ಚರಿಕೆ ಬೇಕು. ಹಳಗನ್ನಡದ ಉೞ್, ಇಂದಿನ ಉಳು ಎಂಬ ಧಾತುವಿಗೆ ತಮಿಳಿನಲ್ಲಿಯೂ ಕುಡುಖ್‌ನಲ್ಲಿಯೂ ಜ್ಞಾತಿಪದಗಳಿವೆ. ಎರಡರಲ್ಲಿಯೂ ನೇಗಿಲಿನಿಂದ ಉಳುವ ಅರ್ಥವಿದೆ. ಇಷ್ಟನ್ನೇ ನೋಡಿದರೆ ಮೂಲ ದ್ರಾವಿಡರಿಗೆ ನೇಗಿಲು ಗೊತ್ತಿತ್ತೆಂದು ಬರೆದುಬಿಡಬಹುದು. ಆದರೆ ಮಾಲ್ತೋದ ಜ್ಞಾತಿಪದಕ್ಕೆ ಹಂದಿ ಮೂತಿಯಿಂದ ಮಣ್ಣು ಕೆದಕುವುದು ಎಂಬ ಅರ್ಥವಿದೆ. ತಮಿಳಿನ ಧಾತುವಿಗೂ ಉಳುವುದರ ಜೊತೆಗೆ ಕೆದಕು, ಅಗೆ ಎಂಬ ಅರ್ಥಗಳಿವೆ. ಆಗ ಮೂಲಾರ್ಥ ಮಣ್ಣನ್ನು ಮಗುಚು ಎಂಬಷ್ಟೇ ಆಗಿದ್ದು, ನೇಗಿಲು ಬಂದಮೇಲೆ ಆಯಾ ಭಾಷೆಗಳಲ್ಲಿ ಅರ್ಥ ಸಂಕೋಚಗೊಂಡಿರುವ ಸಾಧ್ಯತೆಯೇ ಹೆಚ್ಚು. ರೂಪವನ್ನು ಪುನಾರಚಿಸಿದ ಮಾತ್ರಕ್ಕೆ ವಸ್ತುವನ್ನು ಪುನಾರಚಿಸಿದಂತಾಗುವುದಿಲ್ಲ.

ಕಾಳುಗಳ ಹೆಸರುಗಳು ಇನ್ನೊಂದು ಪಾಠವನ್ನು ಕಲಿಸುತ್ತವೆ. ಹೆಸರುಕಾಳಿನ ಪದ ಸುಸ್ಪಷ್ಟವಾಗಿದೆ: ಕನ್ನಡದ ಹೆಸರು, ತೆಲುಗಿನ ಪೆಸಲು, ತಮಿಳಿನ ಪಯಱು. ಪದಮಧ್ಯದಲ್ಲಿ ಕನ್ನಡದ ಸಕಾರಕ್ಕೆ ತಮಿಳಿನ ಯಕಾರವು ಪ್ರತಿಯಾಗುವುದನ್ನು ನಾಮವಾಚಿಯಾದ ಪೆಸರ್ ಮತ್ತು ಪೆಯರ್ ಎಂಬ ಜೋಡಿಯಲ್ಲಿಯೂ ನೋಡಬಹುದು. ಕಾಳಿನ ಹೆಸರೂ ನಾಮದ ಹೆಸರೂ ಮೂಲದಲ್ಲಿ ಬೇರೆಬೇರೆ ಪದಗಳಾಗಿದ್ದು, ಪಕಾರವು ಹಕಾರವಾದ ನಂತರ ಕನ್ನಡದಲ್ಲಿ ಒಂದೇ ರೂಪಕ್ಕೆ ಬಂದು ನಿಂತವು. ಹೀಗೆ ಧ್ವನಿನಿಯಮದ ಬೆಂಬಲವಿರುವ ಪದವನ್ನು ಬೂದಿದಿಬ್ಬದ ಕಾಲದ ಕಾಳಿನೊಡನೆ ಇಟ್ಟು ನೋಡುವುದು ಸಾಧು.

ಹುರುಳಿಯ ವಿಷಯ ಹಾಗಲ್ಲ. ಉತ್ಖನನಗಳಲ್ಲಿ ಹೆಸರಿನಷ್ಟೇ ವ್ಯಾಪಕವಾಗಿ ದೊರೆಯುವ ಈ ಕಾಳಿಗೆ ಕನ್ನಡದಲ್ಲಿ ಹುರುಳಿ, ತೆಲುಗಿನಲ್ಲಿ ಉಲವಲು, ತಮಿಳಿನಲ್ಲಿ ಕೊಳ್ಳು, ಮಲಯಾಳದಲ್ಲಿ ಮುದಿರ, ತುಳುವಿನಲ್ಲಿ ಕುಡು ಎಂಬ ಪದಗಳಿವೆ. ಇವೆಲ್ಲವನ್ನೂ ಒಂದೇ ಮೂಲರೂಪಕ್ಕೆ ಒಯ್ಯಲು ಬರುವುದಿಲ್ಲ. ನಾಲ್ಕು ಸಾವಿರ ವರ್ಷ ಒಂದೇ ನೆಲದಲ್ಲಿ ಬೆಳೆದ ಬೆಳೆಗೆ ನೆರೆಯ ಭಾಷೆಗಳಲ್ಲಿ ಐದು ಹೆಸರುಗಳಿವೆಯೆಂದರೆ, ಬೆಳೆಯ ನಿರಂತರತೆ ಪದದ ನಿರಂತರತೆಯನ್ನು ಖಾತ್ರಿಪಡಿಸುವುದಿಲ್ಲ. ಕೊರಲೆ ಇದಕ್ಕೆ ವಿಪರ್ಯಾಯವಾದ ನಿದರ್ಶನ. ಕನ್ನಡದ ಕೊರಲೆಯನ್ನೂ ತೆಲುಗಿನ ಕೊರ್ರವನ್ನೂ ಜ್ಞಾತಿಪದಗಳೆಂದು ನಿಘಂಟುಕಾರರು ಎಣಿಸುತ್ತಾರೆ. ಆದರೆ ಇಂದಿನ ತೆಲುಗಿನ ಕೊರ್ರಲು ನಮ್ಮ ನವಣೆ. ನಮ್ಮ ಕೊರಲೆ ತೆಲುಗಿನ ಅಂಡುಕೊರ್ರ. ಇಲ್ಲಿ ಪದ ಉಳಿದಿದೆ, ಧಾನ್ಯ ಬದಲಾಗಿದೆ.

ಹೊರಗಿನಿಂದ ಬಂದ ಬೆಳೆಗಳ ಹೆಸರು ಹೊರಗಿನದೇ ಆಗಿರಬೇಕೆಂಬ ನಿರೀಕ್ಷೆಯೂ ಎಲ್ಲೆಡೆ ಸಲ್ಲುವುದಿಲ್ಲ. ಗೋಧಿ, ಜವೆ ಎಂಬವು ಸಂಸ್ಕೃತದ ಗೋಧೂಮ, ಯವಗಳಿಂದ ಬಂದವು. ಆ ಗೋಧೂಮವೂ ಅವೆಸ್ತಾದ ಗಂತುಮ ಎಂಬಂಥ ಪದದ ಜನಪದ ನಿಷ್ಪತ್ತಿಯಿಂದ ಹುಟ್ಟಿದ ರೂಪ. ಆದರೆ ಗೋಧಿಯ ಕಾಳು ತುಂಗಭದ್ರೆಯ ತಪ್ಪಲಿಗೆ ಬಂದಾಗ ಅದರೊಡನೆ ಸಂಸ್ಕೃತದ ಪದ ಬಂದಿರಲಾರದು. ಅಷ್ಟು ಮುಂಚೆ ಆ ಭಾಷೆಯ ಸಂಪರ್ಕ ಇಲ್ಲಿಗೆ ತಲಪಿತ್ತೆನ್ನಲು ಆಧಾರವಿಲ್ಲ. ಎಂದರೆ ಹಳೆಯ ಹೆಸರೊಂದನ್ನು ತಳ್ಳಿ ಹೊಸ ಹೆಸರು ನಿಂತಿದೆ. ಇನ್ನೊಂದೆಡೆ ಆಡು ಪಶ್ಚಿಮ ಏಷ್ಯಾದಲ್ಲಿ ಪಳಗಿದ ಪ್ರಾಣಿ. ಆದರೂ ಅದರ ಹೆಸರು ಅಪ್ಪಟ ದ್ರಾವಿಡ. ಅವರೆಯೂ ಅಷ್ಟೆ: ಮೂಲ ಆಫ್ರಿಕಾದ್ದು, ಹೆಸರು ತಮಿಳು ಕನ್ನಡಗಳಿಗೆ ಸಮಾನ. ಪದದ ವಯಸ್ಸು, ವಸ್ತುವಿನ ವಯಸ್ಸು, ವಸ್ತು ಈ ನಾಡಿಗೆ ಬಂದ ವಯಸ್ಸು ಇವು ಮೂರು ಬೇರೆಬೇರೆ ಲೆಕ್ಕಗಳು.

5. ಹಟ್ಟಿ: ದೊಡ್ಡಿಯೂ ಊರೂ

ಬೂದಿಹಾಳದ ಶೋಧದೊಡನೆ ನೇರವಾಗಿ ಮಾತಾಡಬಲ್ಲ ಪದವೆಂದರೆ ಹಟ್ಟಿ. ಇದರ ಹಳೆಯ ರೂಪ ಪಟ್ಟಿ. ಕರಾವಳಿಯ ಕನ್ನಡದಲ್ಲಿ ಹಟ್ಟಿಯೆಂದರೆ ದನದ ಕೊಟ್ಟಿಗೆ. ಚಿತ್ರದುರ್ಗ, ತುಮಕೂರು ಸೀಮೆಗಳಲ್ಲಿ ಹಟ್ಟಿಯೆಂದರೆ ಜನವಸತಿ: ಗೊಲ್ಲರಹಟ್ಟಿ, ನಾಯಕನಹಟ್ಟಿ. ನೀಲಗಿರಿಯ ಬಡಗರು ತಮ್ಮ ಊರನ್ನೇ ಹಟ್ಟಿಯೆನ್ನುತ್ತಾರೆ. ತಮಿಳಿನಲ್ಲಿ ಪಟ್ಟಿಯೆಂದರೆ ದನಕುರಿಗಳ ದೊಡ್ಡಿ. ಅದೇ ಪದ ಉಸಿಲಂಪಟ್ಟಿ, ಕೋವಿಲ್‌ಪಟ್ಟಿಗಳಂಥ ಊರಹೆಸರುಗಳ ಉತ್ತರಪದ. ಒಂದೇ ಪದಕ್ಕೆ ಎರಡು ಭಾಷೆಗಳಲ್ಲಿಯೂ ಒಂದೇ ಜೋಡಿ ಅರ್ಥಗಳಿವೆ.

ಮಂದೆಯ ಕಥೆಯೂ ಹೀಗೆಯೇ ಇದೆ. ಕನ್ನಡದ ಮಂದೆ, ತೆಲುಗಿನ ಮಂದ ಇವು ಹಿಂಡನ್ನು ಸೂಚಿಸುತ್ತವೆ. ತಮಿಳಿನ ಮಂದೈ ಹಿಂಡನ್ನೂ ಊರಮಂದಿ ಕೂಡುವ ಬಯಲನ್ನೂ ಸೂಚಿಸುತ್ತದೆ. ದೊಡ್ಡಿ, ರೊಪ್ಪ ಎಂಬ ಪದಗಳೂ ಬೇಲಿಯ ಅರ್ಥದಿಂದ ಊರಹೆಸರಿನ ಅರ್ಥಕ್ಕೆ ಸಾಗಿವೆ. ಪದಗಳು ಬೇರೆ, ಅರ್ಥಪಲ್ಲಟದ ದಾರಿ ಮಾತ್ರ ಒಂದೇ. ಒಂದು ಪದದಲ್ಲಿ ಕಂಡರೆ ಇದನ್ನು ಆಕಸ್ಮಿಕವೆನ್ನಬಹುದಿತ್ತು. ನಾಲ್ಕು ಪದಗಳಲ್ಲಿ ಕಂಡಾಗ ಅದರ ಹಿಂದೆ ಬದುಕಿನ ಒಂದು ಮಾದರಿಯಿದೆಯೆಂದು ಒಪ್ಪಬೇಕಾಗುತ್ತದೆ. ಮೊದಲು ದನ ನಿಲ್ಲುವ ಎಡೆ ಗೊತ್ತಾಗುತ್ತದೆ. ಅದರ ಸುತ್ತ ಜನ ನಿಲ್ಲುತ್ತಾರೆ. ಕಾಲಕ್ರಮದಲ್ಲಿ ದನದ ಎಡೆಯ ಹೆಸರೇ ಜನರ ಎಡೆಯ ಹೆಸರಾಗುತ್ತದೆ.

ಇಲ್ಲಿ ನಮ್ಮ ವಾದದ ಮಿತಿಯನ್ನು ಸ್ಪಷ್ಟಪಡಿಸಬೇಕು. ಪಟ್ಟಿ ಎಂಬ ಪದದ ಮೇಲಿನ ಸಾಕ್ಷ್ಯ ದಕ್ಷಿಣದ ಭಾಷೆಗಳದು. ಆದ್ದರಿಂದ ಇದು ಮೂಲ ದ್ರಾವಿಡದ ಹಂತವನ್ನಲ್ಲ, ದಕ್ಷಿಣ ಶಾಖೆಯ ಹಂತವನ್ನು ಕುರಿತು ಮಾತಾಡುತ್ತದೆ. ಅಲ್ಲದೆ ಈ ಅರ್ಥಪಲ್ಲಟ ನಡೆದದ್ದು ನವಶಿಲಾಯುಗದಲ್ಲಿಯೇ ಎಂದು ನಾವು ಹೇಳುತ್ತಿಲ್ಲ. ಚಿತ್ರದುರ್ಗದ ಮ್ಯಾಸನಾಯಕರ ದೇವರ ಎತ್ತುಗಳ ಹಿಂಡು, ಅವನ್ನು ಕಾಯುವ ಕಿಲಾರಿ, ಅವು ತಂಗುವ ರೊಪ್ಪಗಳನ್ನು ಕಂಡವರಿಗೆ ಈ ಮಾದರಿ ನಮ್ಮ ಕಾಲದವರೆಗೂ ಜೀವಂತವೆಂಬುದು ಗೊತ್ತು. ನಾವು ಹೇಳುವುದಿಷ್ಟು: ಪದಗಳು ತೋರುವ ಮಾದರಿ ಮತ್ತು ಬೂದಿಹಾಳದ ನೆಲಗಟ್ಟು ತೋರುವ ಮಾದರಿ ಒಂದೇ. ದೊಡ್ಡಿಯೋ ಊರೋ ಎಂದು ಪುರಾತತ್ತ್ವಜ್ಞರು ದಶಕಗಳ ಕಾಲ ಕೇಳಿದ ಪ್ರಶ್ನೆಯನ್ನು ಹಟ್ಟಿಯೆಂಬ ಪದವನ್ನು ಆಡುವವರು ಕೇಳುತ್ತಿರಲಿಲ್ಲ.

ಕಾಡು ಎಂಬ ಪದ ಈ ಬಯಲಿನ ಇನ್ನೊಂದು ಮುಖವನ್ನು ತೋರುತ್ತದೆ. ಕನ್ನಡದಲ್ಲಿ ಅದು ಅಡವಿ; ಸುಡುಗಾಡು ಎಂಬ ಸಮಾಸದಲ್ಲಿ ಮಾತ್ರ ಸುಡುವ ಎಡೆ. ತೆಲುಗಿನ ಕಾಡಿಗೆ ಮಸಣವೆಂಬ ಅರ್ಥವೇ ಮುಖ್ಯ. ಕೊಂಗುನಾಡಿನ ತಮಿಳಿನಲ್ಲಿ ಅದೇ ಪದ ಮಳೆಯಾಶ್ರಿತ ಹೊಲವನ್ನು ಸೂಚಿಸುತ್ತದೆ. ಅಡವಿ, ಸುಡುವ ನೆಲ, ಒಣಬೇಸಾಯದ ಹೊಲ ಈ ಮೂರನ್ನೂ ಒಂದು ಪದ ಹೊತ್ತಿದೆಯೆಂದರೆ, ಆ ಪದವನ್ನು ಆಡಿದ ಜನರಿಗೆ ಇವು ಸ್ಥಿರವಾದ ಮೂರು ಜಾತಿಗಳಾಗಿರದೆ ಊರಿನ ಆಚೆಗಿನ ಒಂದೇ ನೆಲದ ಮೂರು ಅವಸ್ಥೆಗಳಾಗಿದ್ದಿರಬಹುದು. ಪರಿಸರದ ಮೇಲೆ ಮನುಷ್ಯ ಮಾಡಿದ ಪರಿಣಾಮ ಕಡಲತಳದ ಕೆಸರಿನಲ್ಲಿ ಉಳಿದಿರುವಂತೆ ಪದದ ಅರ್ಥವ್ಯಾಪ್ತಿಯಲ್ಲಿಯೂ ಉಳಿದಿರಬಲ್ಲುದು.

6. ಕಾಲಗಣನೆಯ ಪ್ರಲೋಭನೆ

ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಸಂಗಡಿಗರು 2018ರಲ್ಲಿ 20 ದ್ರಾವಿಡ ಭಾಷೆಗಳ ಪದಪಟ್ಟಿಗಳನ್ನು ಸಂಖ್ಯಾಶಾಸ್ತ್ರೀಯ ವಂಶವೃಕ್ಷ ವಿಧಾನಕ್ಕೆ ಒಳಪಡಿಸಿ, ಕುಟುಂಬದ ವಯಸ್ಸು ಸುಮಾರು 4500 ವರ್ಷಗಳೆಂದು ಅಂದಾಜಿಸಿದರು. ಇದು ಬೂದಿದಿಬ್ಬಗಳ ಕಾಲದೊಡನೆ ಹೊಂದುತ್ತದೆ. ಆದರೆ ಹೊಂದಿಕೆಯೇ ಅನನ್ಯತೆಯಲ್ಲ. ಆ ಅಂದಾಜಿನ ಎರಡು ಬದಿಯ ಅಂತರ ಸಾವಿರಾರು ವರ್ಷಗಳಷ್ಟು ವಿಶಾಲ. ಆ ಹರವಿನಲ್ಲಿ ಸಿಂಧೂ ನಾಗರಿಕತೆಯೂ ಹೊಂದುತ್ತದೆ, ದಖ್ಖನ್ನಿನ ನವಶಿಲಾಯುಗವೂ ಹೊಂದುತ್ತದೆ. ಎಲ್ಲದಕ್ಕೂ ಹೊಂದುವ ಅಂಕಿಯಿಂದ ಯಾವುದೊಂದನ್ನೂ ಸಾಧಿಸಲಾಗದು.

ಇದಕ್ಕಿಂತ ಗಂಭೀರವಾದುದು ಭಾಷೆ, ಮಡಕೆ, ಜನ ಈ ಮೂರನ್ನು ಒಂದೇ ಎನ್ನುವ ಅಭ್ಯಾಸ. ಒಂದೇ ಬಗೆಯ ದೊಡ್ಡಿಯನ್ನು ಕಟ್ಟಿದವರೆಲ್ಲ ಒಂದೇ ಭಾಷೆಯನ್ನಾಡಿರಬೇಕಿಲ್ಲ. ಇಂದಿನ ರಾಯಚೂರು ಬಯಲಿನಲ್ಲಿ ಕನ್ನಡ, ತೆಲುಗು, ದಖನಿ, ಲಂಬಾಣಿ ಭಾಷಿಕರು ಒಂದೇ ಬಗೆಯ ಹೊಲವನ್ನು ಒಂದೇ ಬಗೆಯ ಕೂರಿಗೆಯಿಂದ ಬಿತ್ತುತ್ತಾರೆ. ಬೂದಿದಿಬ್ಬದ ಜನರಲ್ಲಿ ಇಂದು ಕುರುಹಿಲ್ಲದ ಭಾಷೆಗಳನ್ನಾಡುವವರೂ ಇದ್ದಿರುವುದು ಅಸಂಭವವಲ್ಲ. ಈ ಎಚ್ಚರ ಶಾಸ್ತ್ರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಯಾರು ಮೂಲದವರು, ಯಾರು ನಂತರ ಬಂದವರು ಎಂಬ ಜಗಳಕ್ಕೆ ನಮ್ಮ ನಕ್ಷತ್ರಚಿಹ್ನೆಯ ರೂಪಗಳು ಪುರಾವೆಯಾಗಿ ಬಳಕೆಯಾಗುತ್ತಿರುವ ದಿನಗಳಲ್ಲಿ, ಪುನಾರಚನೆ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ಭಾಷಾವಿಜ್ಞಾನಿಗಳೇ ಹೇಳಬೇಕು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಮಾತುಗಳನ್ನು ಮುಂದಿಡಬಹುದು. ಒಂದು: ದಖ್ಖನ್ನಿನ ನವಶಿಲಾಯುಗದ ಸಮಾಜವು ದನದ ಸುತ್ತ ಕಟ್ಟಿಕೊಂಡ ಸಮಾಜ, ಒಣಗುತ್ತಿದ್ದ ಹವೆಯೊಡಗೂಡಿ ಅದು ಈ ನಾಡಿನ ಬಯಲನ್ನು ರೂಪಿಸಿತು. ಎರಡು: ದ್ರಾವಿಡ ಪದಸಾಕ್ಷ್ಯದಲ್ಲಿ ಪಶುಪಾಲನೆಯ ಸ್ತರ ಹಳೆಯದೂ ಗಟ್ಟಿಯೂ ಆಗಿದೆ, ಬೆಳೆಗಳ ಸ್ತರ ಒಂದೊಂದು ಪದಕ್ಕೂ ಬೇರೆ ಚರಿತ್ರೆಯನ್ನು ಹೇಳುತ್ತದೆ. ಮೂರು: ಇವೆರಡರ ಸಂಬಂಧವನ್ನು ಬಿಡಿ ಪದ ಮತ್ತು ಬಿಡಿ ವಸ್ತುಗಳ ಜೋಡಣೆಯಿಂದ ಸ್ಥಾಪಿಸುವುದಕ್ಕಿಂತ, ಹಟ್ಟಿ, ಮಂದೆ, ದೊಡ್ಡಿಗಳಂತೆ ಅರ್ಥಪಲ್ಲಟದ ಮಾದರಿಗಳಿಂದ ಅರಿಯುವುದು ಹೆಚ್ಚು ವಿಶ್ವಾಸಾರ್ಹ.

ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಬೂದಿದಿಬ್ಬಗಳ ಬೂದಿಯನ್ನು ಹೊಲಕ್ಕೆ ಗೊಬ್ಬರವೆಂದು ಹೊತ್ತೊಯ್ಯಲಾಗಿದೆ. ಕಪ್ಪಗಲ್ಲು ಸಂಗನಕಲ್ಲುಗಳ ಬೆಟ್ಟಗಳು ಕಲ್ಲುಗಣಿಗಾರಿಕೆಯ ಅಪಾಯದಲ್ಲಿವೆ. ಪದಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ದನದ ಬಣ್ಣ, ಕೊಂಬಿನ ಆಕಾರ, ಮೇವಿನ ಹುಲ್ಲು, ಬೇಲಿಯ ಬಗೆ ಇವಕ್ಕೆ ಕಿಲಾರಿಗಳ ಬಾಯಲ್ಲಿರುವ ಹೆಸರುಗಳು ಹಿಂಡುಗಳೊಡನೆಯೇ ಕರಗುತ್ತಿವೆ. ಉತ್ಖನನ ಮಾಡುವವರು ಮಣ್ಣಿನ ಪದರಗಳನ್ನು ಅಳೆದು ಗುರುತು ಹಾಕಿಕೊಳ್ಳುವಂತೆ, ಬಯಲುಸೀಮೆಯ ಉಪಭಾಷೆಗಳ ಪಶುಪಾಲನಾ ಪದಕೋಶವನ್ನು ಊರೂರಿನ ಅರ್ಥಭೇದಗಳೊಡನೆ ದಾಖಲಿಸುವುದು ಇಂದಿನ ಸಂಶೋಧನಾರ್ಥಿಗಳ ಮುಂದಿರುವ ಕೆಲಸ. ಸುಟ್ಟು ಬೂದಿಯಾದ ಸಗಣಿ ನಾಲ್ಕು ಸಾವಿರ ವರ್ಷ ಉಳಿದು ಸಾಕ್ಷಿ ನುಡಿದಿದೆ. ಆಡುವವರಿಲ್ಲದ ಪದಕ್ಕೆ ಅಂಥ ಬಾಳಿಕೆಯಿಲ್ಲ.